ಲಾಂಗ್-ಸ್ಟ್ಯಾಂಡಿಂಗ್ ಅಂದರೆ ಎಷ್ಟು ವರ್ಷ

ಜೂನ್ 3, ಸೋಮವಾರ

ಒಂಬತ್ತು ಪುಸ್ತಕ ಹೊಲಿದಾಯಿತು. ಅಂಟು ಗಟ್ಟಿಯಾಗಿತ್ತು, ಮತ್ತೆ ಕಾಯಿಸಿದೆ. ಮಧ್ಯಾಹ್ನ ನೋಟಿಸ್ ಬೋರ್ಡಿನಲ್ಲಿ ಇಂಗ್ಲಿಷ್ ಸರ್ಕ್ಯುಲರ್ — ‘ಲಾಂಗ್-ಸ್ಟ್ಯಾಂಡಿಂಗ್’ ಟೆಂಪರರಿ ನೌಕರರನ್ನು ಪರ್ಮನೆಂಟ್ ಮಾಡುತ್ತಾರಂತೆ. ಕೆಳಗೆ ಆರು ಹೆಸರು. ನನ್ನದಿಲ್ಲ. ಹದಿನಾರು ವರ್ಷದಿಂದ ಈ ಕಾಲೇಜು ಲೈಬ್ರರಿಯ ಬೈಂಡರ್ ನಾನು. ಪಟ್ಟಿಯಲ್ಲಿರುವ ಡ್ರೈವರ್ ಬಂದು ನಾಲ್ಕು ವರ್ಷ.

ಜೂನ್ 4

ಗುಮಾಸ್ತನನ್ನು ಕೇಳಿದೆ. ತಲೆ ಎತ್ತಲಿಲ್ಲ. “ಅಕ್ಕಾ, ಲಾಂಗ್-ಸ್ಟ್ಯಾಂಡಿಂಗ್ ಅಂದ್ರೆ ನಡುವೆ ಗ್ಯಾಪ್ ಇರಬಾರ್ದು. ನಿಮಗೆ ಪ್ರತಿ ವರ್ಷ ಒಂದಿನ ಬ್ರೇಕ್ ಇದೆಯಲ್ಲ.”

ಆ ಬ್ರೇಕ್ ನಾನು ಕೇಳಿದ್ದೆನೇ? ಮಾರ್ಚ್ 31ಕ್ಕೆ ನಾನು ನೌಕರಳಲ್ಲ, ಏಪ್ರಿಲ್ 1ಕ್ಕೆ ಹೊಸಬಳು. ಆ ಒಂದು ದಿನವೂ ಲೈಬ್ರೇರಿಯನ್ ಮೇಡಂ ಬಿಟ್ಟವರಲ್ಲ — “ಸಹಿ ಹಾಕ್ಬೇಡ, ಸುಮ್ನೆ ಬಂದು ಕೆಲಸ ಮಾಡು.” ಬಂದೆ. ಪ್ರತಿ ಸಲವೂ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಸಂಜೆ 5 ಗಂಟೆ

ಡಿಕ್ಷನರಿ ತೆಗೆದೆ. ಬಹುಕಾಲದಿಂದ ಇರುವ, ನಡೆದುಬಂದಿರುವ — ಅಷ್ಟೇ ಅರ್ಥ. ಲಾಂಗ್-ಸ್ಟ್ಯಾಂಡಿಂಗ್ ಸ್ನೇಹ, ಲಾಂಗ್-ಸ್ಟ್ಯಾಂಡಿಂಗ್ ಜಗಳ ಎಂದು ಉದಾಹರಣೆ. ನನ್ನ ಗಂಡನ ಜೊತೆಯ ಜಗಳಕ್ಕೆ ಭಾನುವಾರ ರಜೆ. ಸೋಮವಾರ ಶುರುವಾದರೆ ಅದು ಹೊಸ ಜಗಳವೇ?

ಪುಟ ತೋರಿಸಿದೆ. ಗುಮಾಸ್ತ ನಕ್ಕ. “ಡಿಕ್ಷನರಿ ಇಟ್ಕೊಂಡು ಆಫೀಸ್ ನಡೆಸೋಕಾಗುತ್ತಾ ಅಕ್ಕಾ?”

ಜೂನ್ 7

ಪ್ರಿನ್ಸಿಪಾಲರ ಹತ್ತಿರ ಹೋದೆ. “ಆ ದಿನ ಕೆಲಸ ಮಾಡಿದ್ರಿ ಅನ್ನೋಕೆ ಏನಮ್ಮ ಸಾಕ್ಷಿ?” ಮೇಡಂ ಪಕ್ಕದಲ್ಲೇ ಇದ್ದರು. ಕಿಟಕಿಯ ಕಡೆ ಮುಖ ತಿರುಗಿಸಿದರು.

ಸಾಕ್ಷಿ ಇದೆ. ಬೈಂಡ್ ಮಾಡಿದ ದಿನದ ತಾರೀಖನ್ನು ಹಿಂದಿನ ರಟ್ಟಿನ ಒಳಗೆ ಪೆನ್ಸಿಲಿನಲ್ಲಿ ಬರೆದು, ಮೇಲೆ ಕಾಗದ ಅಂಟಿಸುತ್ತೇನೆ. ಅಪ್ಪ ಕಲಿಸಿದ ರೂಢಿ. ಮಾರ್ಚ್ 31ಕ್ಕೆ ಬೈಂಡ್ ಮಾಡಿ, ಏಪ್ರಿಲ್ 1ಕ್ಕೆ ಕಪಾಟಿಗೆ ಮರಳಿಸಿದ ಪುಸ್ತಕಗಳು ಯಾವುವೆಂದು ರಿಜಿಸ್ಟರಿನಲ್ಲಿದೆ. ಆದರೆ ತಾರೀಖು ಕಾಣಬೇಕಾದರೆ ಕಾಗದ ಸೀಳಬೇಕು. ನನ್ನ ಕೆಲಸವನ್ನು ನಾನೇ ಕೆಡಿಸಬೇಕು.

ಜೂನ್ 10, ಮಧ್ಯಾಹ್ನ 3

ವರ್ಷಕ್ಕೊಂದರಂತೆ ಹದಿನೈದು ಪುಸ್ತಕ ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟೆ. ಮೊದಲನೆಯದನ್ನು ಸೀಳಿದೆ. ಮಾರ್ಚ್ 31. ಎರಡನೆಯದು — ಮಾರ್ಚ್ 31. ಗುಮಾಸ್ತನ ಮುಖ ಸಪ್ಪಗಾಯಿತು.

ನಾಲ್ಕನೆಯದಕ್ಕೆ ಪ್ರಿನ್ಸಿಪಾಲರು ಕೈ ಅಡ್ಡ ಹಿಡಿದರು. “ಸಾಕಮ್ಮ, ಹೆಸರು ಸೇರಿಸ್ತೀವಿ. ಪುಸ್ತಕ ಹಾಳಾಗುತ್ತೆ.”

ರಟ್ಟಿನ ಮೇಲೆ ಏನು ಕರುಣೆ! ವರ್ಷ ವರ್ಷ ನನ್ನನ್ನು ಕಿತ್ತು ಅಂಟಿಸುವಾಗ ಎಲ್ಲಿತ್ತು ಅದು?

“ಹಾಳಾದ್ರೆ ಸರಿ ಮಾಡೋಳು ನಾನೇ ಅಲ್ವಾ ಸಾರ್. ಹದಿನೈದೂ ನೋಡಿ” ಅಂದೆ. ನಾಲ್ಕನೆಯದನ್ನು ಎಳೆದುಕೊಂಡೆ. ಯಾರೂ ತಡೆಯಲಿಲ್ಲ. ಚಾಕು ಒಳಗಿಟ್ಟು, ಕಾಗದದ ಅಂಚು ಸೀಳಿದೆ. ಮಾರ್ಚ್ 31.