ಪಟ್ಟಿಯ ಕೊನೆಯ ಟಿಕೆಟ್

ಆಗಸ್ಟ್ ೧೯, ಮಂಗಳವಾರ.

ಮೊಮ್ಮಗ ಮುನ್‌ಸಿಕ್ ಬರೆದ ಖರ್ಚಿನ ಪಟ್ಟಿ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಕಂಪನಿ ಅವನನ್ನು ಎರಡು ವರ್ಷಕ್ಕೆ ಹನೋಯ್‌ಗೆ ಕಳಿಸುತ್ತಿದೆ. ಬಾಡಿಗೆ, ಊಟ, ಕರೆಂಟು ಎಲ್ಲ ಸರಿ. ಕೊನೆಗೆ ಊರಿಗೆ ಬಂದುಹೋಗುವ ಒಂದೇ ಒಂದು ಟಿಕೆಟ್, ಪಕ್ಕದಲ್ಲಿ "ಅಜ್ಜಿ" ಎಂದು ಬರೆದಿದ್ದಾನೆ.

"ಚುಸೊಕ್ ಸುಗ್ಗಿ ಹಬ್ಬಕ್ಕೆ ಬರ್ತೀಯೇನೋ?" ಅಂದೆ.

"ಹಬ್ಬಕ್ಕಲ್ಲ ಅಜ್ಜಿ. ಅಪ್ಪ ಇಲ್ವಲ್ಲ, ನಿನಗೇನಾದ್ರೂ ಆದ್ರೆ ಮೂರು ದಿನ ಶೋಕದ ಬಟ್ಟೆ ಹಾಕ್ಕೊಂಡು ನಿನ್ನ ಪಕ್ಕ ನಿಲ್ಲಬೇಕಾದೋನು ನಾನೇ ತಾನೇ? ಇನ್ನೊಂದು ಟಿಕೆಟ್‌ಗೆ ದುಡ್ಡು ಸಾಲಲ್ಲ."

"ಹೆಣ ನೋಡೋಕೆ ಅಷ್ಟು ದೂರದಿಂದ ಬರ್ತೀಯಾ ಕತ್ತೆ? ಆಗ ನಿನ್ನ ಬೈಯೋಕೂ ನಾನಿರಲ್ಲ. ಹಬ್ಬಕ್ಕೇ ಬಾ, ಜೊತೆಗೆ ಕೂತು ಉಣ್ಣೋಣ."

"ಊರವರು ಏನಂತಾರೆ?"

"ಅವರಿಗೆಲ್ಲ ಹೇಳಿಟ್ಟೇ ಸಾಯ್ತೀನಿ, ಬಿಡು."

ನಕ್ಕ. "ಅಜ್ಜಿ" ಅಳಿಸಿ "ಹಬ್ಬ" ಎಂದು ಬರೆದ.

ನನ್ನ ಹಟವೇ ಗೆದ್ದಿತು, ನಿದ್ದೆ ಮಾತ್ರ ಬರುತ್ತಿಲ್ಲ. ನನ್ನ ಗಂಡ ಸತ್ತಾಗ ನೋಡಲು ಬಂದವರಿಗೆಲ್ಲ ತಲೆಬಾಗಲು ಮಗ ನಿಂತಿದ್ದ. ಮಗ ಸತ್ತಾಗ ಇವನು ನಿಂತಿದ್ದ, ಹದಿನಾಲ್ಕು ವರ್ಷದವನು, ಬೆರಳೂ ಕಾಣದಷ್ಟು ಉದ್ದ ತೋಳಿನ ಅಂಗಿಯಲ್ಲಿ. ನಾನು ಸತ್ತರೆ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಪಟ್ಟಿಯಿಂದ ನಾನೇ ಅಳಿಸಿಹಾಕಿಸಿದೆನಲ್ಲ. ಎರಡೇ ವರ್ಷ ತಾನೇ, ಹೇಗಾದರೂ ಉಸಿರು ಹಿಡಿದುಕೊಂಡು ಅವನು ತಿರುಗಿ ಬರುವವರೆಗೆ ಇದ್ದುಬಿಡುತ್ತೇನೆ.