ಕೊನೆಯ ಮನೆ ದಾಟುವ ತನಕ

ನೇಕಾರ ಕಾಲನಿ, ಗಜೇಂದ್ರಗಡ
ಶುಕ್ರವಾರ, ೧೪ ನವೆಂಬರ್ ೨೦೨೫

ಪ್ರೀತಿಯ ಅಕ್ಕಾ,

ಮೊಣಕಾಲು ಹೇಗಿದೆ? ನರಗುಂದದ ದವಾಖಾನೆಯ ಎಣ್ಣೆ ಹತ್ತಿತೋ, ಬರೀ ವಾಸನೆ ಉಳಿಯಿತೋ? ನೀನು ನನ್ನ ಫೋನು ಎತ್ತದೆ ಎರಡು ವರ್ಷವಾಯಿತು, ಅದಕ್ಕೇ ಕಾಗದ. ಇದನ್ನು ಕಟ್ ಮಾಡಲು ಬರುವುದಿಲ್ಲ, ಹರಿಯಬೇಕಾಗುತ್ತದೆ.

ನಿನಗೆ ಲಾಳಿ ಹಿಡಿಯಲು ಕಲಿಸಿದ ಬಸಯ್ಯ ಕಾಕಾ ಮಂಗಳವಾರ ಹೋದ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ ಒರಗಿದ್ದನಂತೆ. ನೆನಪಿದೆಯಲ್ಲ, ಊರ ಹೊರಗೆ ಈ ಅರವತ್ತು ಮನೆ ಕಟ್ಟಿದಾಗ ಪ್ರತಿ ಪಡಸಾಲೆಯಲ್ಲೂ ಮೊದಲು ತೋಡಿದ್ದು ಮಗ್ಗದ ಕುಣಿ, ಒಲೆ ಆಮೇಲೆ. ಟಾಂಗಾದವನಿಗೆ ಅಪ್ಪ ವಿಳಾಸ ಹೇಳುತ್ತಿರಲಿಲ್ಲ, "ಸಪ್ಪಳ ಬಂದಲ್ಲೇ ಇಳಸಪಾ" ಅನ್ನುತ್ತಿದ್ದ. ಯಾರಾದರೂ ಸತ್ತರೆ, ಹೆಣ ಕೊನೆಯ ಮನೆ ದಾಟುವ ತನಕ ಅಷ್ಟೂ ಮಗ್ಗ ನಿಲ್ಲಬೇಕು. ಅಪ್ಪ ಹೋದಾಗ ಬಿದ್ದ ಆ ಮೌನ ಕೇಳಿಯೇ ಆಚೆ ಹೊಲದವರು ಕೆಲಸ ಬಿಟ್ಟು ಬಂದಿದ್ದರು.

ಈಗ ಕುಣಿ ಮುಚ್ಚಿತು, ನೆಲದ ಫರಸಿ ಹೆಚ್ಚಿತು. ಗುಡ್ಡದ ಗಾಳಿಯಂತ್ರದವರು, ಬ್ಯಾಂಕಿನವರು ಬಾಡಿಗೆಗಿದ್ದಾರೆ. ಒಳ್ಳೆಯವರೇ, ಹೆಸರು ಮಾತ್ರ ಗೊತ್ತಿಲ್ಲ. ಉಳಿದಿದ್ದ ಒಂದೇ ಮಗ್ಗ ಕಾಕಾನದು. ಅವನಿಗಾಗಿ ನಿಲ್ಲಿಸಲು ಯಾರ ಮನೆಯಲ್ಲೂ ಏನೂ ಇರಲಿಲ್ಲ. ನಾನು ಮಿಕ್ಸರ್ ನಿಲ್ಲಿಸಿದೆ. ಎದುರುಮನೆಯ ಹುಸ್ನಾ ಟೀಚರ್ ಕಿಟಕಿಯಿಂದ, "ಕರೆಂಟ್ ಹೋತೇನ್ರಿ ಸರ?" ಎಂದರು. "ಹೌದ್ರಿ" ಅಂದೆ.

ಮದುವೆಯಾದ ಮೇಲೂ ತವರಿಗೆ ಬಂದರೆ ನೀನು ಮೊದಲು ಕೂರುತ್ತಿದ್ದದ್ದು ನಮ್ಮ ಮನೆಯ ಕುಣಿಯ ಅಂಚಿಗೆ. ಎರಡು ವರ್ಷದ ಹಿಂದೆ ಅದಕ್ಕೆ ನಾನು ಕಲ್ಲುಮಣ್ಣು ಸುರಿಸಿದ ದಿನ, "ತಮ್ಮಾ, ನನ್ನ ಹುಗದಿ ನೋಡು" ಅಂದೆಯಲ್ಲ, ನಾನು ನಕ್ಕಿದ್ದೆ. ಈಗ ಅದರ ಮೇಲೆ ನನ್ನ ಸ್ಕೂಟರ್ ನಿಲ್ಲುತ್ತದೆ. ಎಲ್ಲದಕ್ಕೂ ಪ್ರಾಸ ಹುಡುಕುವ ನನಗೆ ಇದಕ್ಕೊಂದು ಸಿಕ್ಕಿಲ್ಲ.

ಭಾವನಿಗೆ ನಮಸ್ಕಾರ, ಮಧುರಾಳಿಗೆ ಮಾಮಾನ ಆಶೀರ್ವಾದ, ಅವಳು ಕೇಳಿದರೆ.

ನಿನ್ನ ತಮ್ಮ,
ಶರತ

ತಾ.ಕ.: ಕಾಕಾನ ಮಗ್ಗದ ಮೇಲೆ ಸೀರೆ ಅರ್ಧಕ್ಕೆ ನಿಂತಿದೆ. ಅರ್ಧ ನೇಯ್ದದ್ದನ್ನು ಕೊಯ್ಯಬಾರದೆಂದು ಅವನ ಹೆಂಡತಿ ಕಲ್ಲವ್ವ ಕಾಕು ಮಗ್ಗ ಹಿಡಿದು ಕುಳಿತಿದ್ದಾಳೆ: "ನಿಮ್ಮ ಅಕ್ಕನ್ನ ಕರಸೋ, ಆಕೀ ಕೈಗೆ ಗೊತ್ತೈತಿ." ಮುಂದಿನ ಗುರುವಾರ ಅವಳ ಮಗ ಕುಣಿ ಮುಚ್ಚಿಸುತ್ತಾನೆ. ನಿನ್ನ ಮೊಣಕಾಲು ಕುಣಿಗೆ ಇಳಿಯದೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನೀನು ಬರದಿದ್ದರೆ ಕತ್ತರಿ ಹಾಕಬೇಕಾದವನು ನಾನೇ. ಮಗನಿಗೆ ಕೈ ಬರುತ್ತಿಲ್ಲವಂತೆ. "ನಿಮ್ಮ ಮನೀ ಕುಣಿ ಮುಚ್ಚೀರಿ, ನಿಮಗ ರೂಢಿ ಐತಲ್ರಿ" ಅಂದ.