ಸೋಮವಾರದ ಸೂಟಿ

ಬೈಲಹೊಂಗಲ
ಶುಕ್ರವಾರ, ೧೪ ನವೆಂಬರ್ ೨೦೨೫

ಪ್ರೀತಿಯ ಸುಂದರವ್ವಾ,

ನಿನ್ನ ಮೊಣಕಾಲು ಹೇಗಿದೆ? ಮಗಳ ಸೊಲ್ಲಾಪುರದ ಮನೆ ಮೂರನೇ ಮಾಳಿಗೆಯಲ್ಲಿದೆ, ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯಬೇಡ. ಅನ್ನಪೂರ್ಣಾಗೆ ಸಜ್ಜಕ ಮಾಡಿಕೊಡುವುದರಲ್ಲಿ ನೀನು ಊಟ ಮರೆಯುತ್ತೀ ಅಂತ ನನಗೆ ಗೊತ್ತು. ಮೊಮ್ಮಗನ ಫೋಟೋ ನೋಡಿದೆ. ಮೂಗು ನಮ್ಮ ಕಡೆಯದು, ನೀನು ಒಪ್ಪುವುದಿಲ್ಲ, ಇರಲಿ. ಇಲ್ಲಿ ನಾನು, ಮಗಳು ನಾಗರತ್ನಾ, ಮೊಮ್ಮಗಳು ರಾಣಿ ಮೂವರೂ ಆರಾಮ ಇದ್ದೇವೆ. ರೊಟ್ಟಿ ನಾನೇ ಬಡಿಯುತ್ತೇನೆ. ಒಂದೂ ದುಂಡಗೆ ಬರುವುದಿಲ್ಲ, ಆದರೆ ರಾಣಿ ತಿನ್ನುತ್ತಾಳೆ.

ನಾಗರತ್ನಾ ಇರುವಾಗ ನೀವ್ಯಾಕೆ ಒಲೆಯ ಮುಂದೆ ಅಂತ ಕೇಳುತ್ತೀ. ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳೋಣವೆಂದರೆ ಅನ್ನಪೂರ್ಣಾ ಸ್ಪೀಕರ್ ಹಚ್ಚಿಕೊಂಡು ಪಕ್ಕದಲ್ಲೇ ಇರುತ್ತಾಳೆ, ಹಸಿ ಬಾಣಂತಿ, ಗಾಬರಿಯಾಗುತ್ತಾಳೆ. ನೀನೂ ಗಾಬರಿಯಾಗಬೇಡ, ಈಗ ಎಲ್ಲ ಸರಿಯಾಗಿದೆ. ದೀಪಾವಳಿಯ ಮುಂಚೆ ಅವಳು ಮನೆಮನೆಗೆ ಮುಟ್ಟಿಸುವ ಪಾರ್ಸಲ್ ಬಹಳ ಇದ್ದವು. ಸಂಪಗಾಂವದ ರಸ್ತೆಯಲ್ಲಿ ಜಲ್ಲಿ ಕಡಿ ಹರಡಿದ ಕಡೆ ಸ್ಕೂಟಿ ಜಾರಿ ನಾಗರತ್ನಾಳ ಬಲಗೈ ಮುರಿಯಿತು. ಬರುವ ವಾರ ಪ್ಲಾಸ್ಟರ್ ಬಿಚ್ಚುತ್ತಾರೆ. ನಿನಗೆ ಮುಚ್ಚಿಟ್ಟದ್ದು ನನ್ನ ತಪ್ಪು. ಬಂದಮೇಲೆ ಬೈಯುವಿಯಂತೆ.

ಇನ್ನೊಂದು ಸುದ್ದಿ ನೀನು ಕಾಯುತ್ತಿದ್ದದ್ದು. ನಾವಿಬ್ಬರೂ ವರ್ಷಗಟ್ಟಲೆ ಚೇರಮನ್ನರ ಮನೆಗೆ ತಿರುಗಿದೆವಲ್ಲ, ಆ ಪತ್ತಿನ ಸೊಸೈಟಿಯ ಕ್ಲರ್ಕ್ ನೌಕರಿಯ ಆದೇಶ ನಾಗರತ್ನಾಳ ಹೆಸರಿಗೆ ಬುಧವಾರ ಬಂತು. ಕಾಯಂ ನೌಕರಿ. ನೀನು ಬಸ್ಸಿನ ಕಿಟಕಿಯಿಂದ ಹೇಳಿ ಹೋದದ್ದು ನೆನಪಿದೆ: "ಆರ್ಡರ್ ಬಂದ ದಿನಾನ ಆ ಸ್ಕೂಟಿ ಮಾರಿಬಿಡ್ರಿ." ಅವತ್ತು ನಾನೂ ಹೂಂ ಅಂದಿದ್ದೆ. ರಾಣಿಯನ್ನು ಸಾಲಿಗೆ ಬಿಟ್ಟು, ಸಾಲಿ ಬಿಡುವ ಹೊತ್ತಿಗೆ ಬಂದು ಕರೆದುಕೊಂಡು ಹೋಗಲು ಈ ಪಾರ್ಸಲ್ ಕೆಲಸವೇ ಹೊಂದುತ್ತದೆ ಅಂತ ನಾಗರತ್ನಾ ಹೇಳಿದಾಗೆಲ್ಲ ನಾನು ಮುಖ ತಿರುವಿದವನು. ಹಾಜರಿ ಪುಸ್ತಕ ಇಲ್ಲದ್ದು ಎಂಥ ನೌಕರಿ ಅನ್ನುತ್ತಿದ್ದೆ. ಮಾರುವ ಮುಂಚೆ ಈ ನಾಲ್ಕು ವಾರದಲ್ಲಿ ನಾನು ಕಂಡದ್ದನ್ನು ಓದು.

ಕೈ ಮುರಿದ ಮರುದಿನ ನಾನೊಂದು ಹುಚ್ಚು ಕೆಲಸ ಮಾಡಿದೆ. ಮೂವತ್ತೊಂದು ವರ್ಷ ಕಂಡಕ್ಟರಿಕೆ ಮಾಡಿದ ರೂಢಿ ಎಲ್ಲಿ ಹೋಗಬೇಕು? ಡಾಕ್ಟರ ಸರ್ಟಿಫಿಕೇಟು ಲಗತ್ತಿಸಿ, ಮೂರು ಪ್ರತಿಯಲ್ಲಿ ರಜೆ ಅರ್ಜಿ ಬರೆದು, ಬಸ್‌ಸ್ಟ್ಯಾಂಡ್ ಹಿಂದಿನ ಪಾರ್ಸಲ್ ಕಂಪನಿಯ ಗೋದಾಮಿಗೆ ಹೋದೆ. ಒಂದು ಪ್ರತಿಯ ಮೇಲೆ ಠಸ್ಸೆ ಒತ್ತಿ ವಾಪಸ್ ಕೊಡಿ ಅಂದೆ. ಪಾರ್ಸಲ್ ಎಣಿಸುತ್ತಿದ್ದವನು ಪಾಪ, ಮರ್ಯಾದೆಯಿಂದಲೇ ಹೇಳಿದ: "ಯಜಮಾನ್ರ, ಇಲ್ಲಿ ಸಾಹೇಬ್ರು ಯಾರೂ ಇಲ್ರಿ. ಎಲ್ಲಾ ಮೊಬೈಲ್‌ನ್ಯಾಗ ಐತ್ರಿ." ಮೂರು ದಿನ ಪಾರ್ಸಲ್ ಒಯ್ಯದಿದ್ದರೆ ಅವಳ ರೂಟು ಬೇರೆಯವರಿಗೆ ಹೋಗುತ್ತದಂತೆ. ರಜೆಯೂ ಇಲ್ಲ, ಕೇಳಲು ಒಬ್ಬ ಮನುಷ್ಯನೂ ಇಲ್ಲ. ಅರ್ಜಿ ಕಿಸೆಯಲ್ಲಿಟ್ಟುಕೊಂಡು ಬರುವಾಗ ನನಗೆ ಅಳು ಬಂದಂತಾಯಿತು.

ಆದರೆ ಅವಳ ಜೊತೆ ಪಾರ್ಸಲ್ ಒಯ್ಯುವ ಆ ಹುಡುಗರು ಎಂಥವರು ಅಂತೀ! ಅವರು ಐದು ಮಂದಿ, ನಾಗರತ್ನಾ ಸೇರಿ ಆರು. ಲಗಮಪ್ಪ ಅನ್ನುವವನು, ಮುರಗೋಡದವನು, ಅವತ್ತು ಸಂಜೆಯೇ ಮನೆಗೆ ಬಂದು "ಅಕ್ಕಾರ, ದೊಡ್ಡ ಪಾರ್ಸಲ್ ನಾವು ಹಂಚಿಕೋತೇವ್ರಿ, ಸಣ್ಣವು ಅಷ್ಟ ನೀವು ನೋಡ್ರಿ" ಅಂದ. ಸಣ್ಣವಕ್ಕೆ ನಾನು ನಿಂತೆ. ಹೌದು, ನನ್ನ ಆ ಹಳೆಯ ಟಿವಿಎಸ್ ಗಾಡಿಯ ಮೇಲೆ ನಾನು ಮುಂದೆ, ಕೊರಳಿಗೆ ಕೈ ಕಟ್ಟಿಕೊಂಡ ಮಗಳು ಹಿಂದೆ. ಆ ರಸ್ತೆಯಲ್ಲಿ ನಾನು ಟಿಕೆಟ್ ಹರಿಯದ ಮನುಷ್ಯನೇ ಇಲ್ಲ ಅಂತ ನನ್ನ ಠೇಂಕಾರ ಇತ್ತು. ಸಂಪಗಾಂವದ ಅಗಸಿ ಬಾಗಿಲಲ್ಲಿ ಒಬ್ಬ ಮುದುಕಿ ನನ್ನನ್ನು ನೋಡಿ "ನೀವು ನಾಗಕ್ಕನ ಅಪ್ಪಾರೇನ್ರಿ?" ಅಂದಳು. ನನ್ನ ಹೆಸರು ಯಾರಿಗೂ ಬೇಕಾಗಿರಲಿಲ್ಲ! ಯಾವ ಮನೆಯವರು ಯಾವ ಹೊತ್ತಿಗೆ ಹೊಲದಿಂದ ಬರುತ್ತಾರೆ, ಯಾರ ಗುಳಿಗೆ ಮೊದಲು ಮುಟ್ಟಬೇಕು, ಎಲ್ಲಿ ನಾಯಿ ಕಟ್ಟಿಲ್ಲ, ಎಲ್ಲ ಅವಳಿಗೆ ಬಾಯಿಪಾಠ. ನಮ್ಮ ಮಗಳು ಇಷ್ಟು ಜಾಣಿ ಅಂತ ನನಗೆ ಗೊತ್ತಿರಲಿಲ್ಲ, ಸುಂದರಾ. ಬಹಳ ಹೆಮ್ಮೆಯಾಯಿತು.

ಒಂದು ಸೋಮವಾರ ಯಮನಪ್ಪ ಅನ್ನುವ ರೈತನ ಮನೆಗೆ ಹೋಗಿದ್ದೆವು. ಸೋಮವಾರ ಬಸವಣ್ಣನ ವಾರ, ಅವತ್ತು ಯಾರೂ ಎತ್ತು ಹೂಡುವುದಿಲ್ಲವಲ್ಲ. ಮೈತೊಳೆದ ಎರಡೂ ಎತ್ತು ಬೇವಿನ ನೆರಳಿಗೆ ಮೆಲುಕು ಹಾಕುತ್ತ ಮಲಗಿದ್ದವು. ಯಮನಪ್ಪ ಪ್ಲಾಸ್ಟರ್ ನೋಡಿ ಮರುಗಿ, "ಎತ್ತಿಗೂ ಇವತ್ತ ಸೂಟಿ ಐತಿ, ನಿನಗ ಇಲ್ಲೇನ್ವಾ ತಂಗಿ?" ಅಂದ. ನಾಗರತ್ನಾ ನಕ್ಕಳು. ಮನೆಗೆ ಬಂದವಳೇ "ಅಪ್ಪಾ, ಆ ರಜಾ ಅರ್ಜಿ ಎಲ್ಲಿ ಅದಾವ್ರಿ?" ಅಂದಳು. ಹಿಂಬದಿ ಖಾಲಿ ಇತ್ತಲ್ಲ, ಅದರ ಮೇಲೆ ನನ್ನಿಂದ ಬರೆಸಿದಳು: ಸೋಮವಾರ ಎಲ್ಲರಿಗೂ ಸೂಟಿ ಬೇಕು, ಬಿದ್ದು ಪೆಟ್ಟಾದವರ ರೂಟು ಒಂದೂವರೆ ತಿಂಗಳು ಅವರಿಗೇ ಕಾದಿಡಬೇಕು. ಮೊದಲ ಸಹಿ ಅವಳದೇ, ಎಡಗೈಯಿಂದ.

ಮೊನ್ನೆ ಸೋಮವಾರ ಆರು ಮಂದಿಯೂ ಆ್ಯಪ್ ತೆರೆಯಲಿಲ್ಲ. ಗೋದಾಮಿನ ಮುಂದೆ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ ಚಹಾ ಕುಡಿಯುತ್ತ ಕೂತರು. ಮಧ್ಯಾಹ್ನದ ಹೊತ್ತಿಗೆ ಬೆಳಗಾವಿಯಿಂದ ಪಾರ್ಸಲ್ ಗುತ್ತಿಗೆದಾರ ಕಾರು ತೆಗೆದುಕೊಂಡು ಓಡಿಬಂದ. ಮೊಬೈಲಿನೊಳಗೆ ಅಡಗಿದ್ದ ಸಾಹೇಬ ಅವತ್ತು ಸಿಕ್ಕ! ಇದೇ ೨೪ರಿಂದ ಸೋಮವಾರ ಸೂಟಿ, ರೂಟು ಕಾದಿಡುವುದಕ್ಕೂ ಒಪ್ಪಿದ. ಆದರೆ ಬಾಯಿಮಾತು. "ಮೊದಲನೇ ಸಹಿ ಮಾಡಿದಾಕಿ ಎಷ್ಟ ದಿನ ಇರತಾಳ, ನೋಡೋಣು" ಅಂತ ಹೋಗುವಾಗ ಎಲ್ಲರ ಮುಂದೆ ಅಂದು ಹೋದ.

ಬುಧವಾರ ಆದೇಶ ಕೈಗೆ ಕೊಟ್ಟಾಗ ನಾಗರತ್ನಾ ಕೇಳಿದ್ದು ಇಷ್ಟೇ: "ಈಗ ನಾ ಬಿಟ್ಟು ಹೋದರ ಉಳಿದ ಐದು ಮಂದಿ ಗತಿ ಏನ್ರಿ?" ಸಾರಿಗೆ ಮುಷ್ಕರದಲ್ಲಿ ಮೂರನೇ ದಿನಕ್ಕೆ ಹೆದರಿ ಡ್ಯೂಟಿಗೆ ಹೋದವನು ನಾನು. ಬಸವಣ್ಣೆಪ್ಪ ಡ್ರೈವರ್ ರಿಟೈರ್ ಆಗುವತನಕ ನನ್ನ ಜೊತೆ ಮಾತಾಡಲಿಲ್ಲ, ನೀನು ಅತ್ತಿದ್ದಿ. ಕಾಯಂ ನೌಕರಿ ಬಿಡಬೇಡ ಅನ್ನಲು ಬಾಯಿ ತೆರೆದರೆ ಆ ಬಸವಣ್ಣೆಪ್ಪನ ಮುಖ ಎದುರು ಬರುತ್ತದೆ. ನಾಳೆ ಏನಾಗುವುದೋ ಅಂತ ಹೆದರಿಕೆ ನನಗೂ ಇದೆ. ನನ್ನಿಂದ ಆಗದು, ಬೇಕಾದರೆ ನೀನೇ ಹೇಳು. ಆದರೆ ಹೇಳುವ ಮುಂಚೆ ಈ ಕಾಗದ ಎರಡು ಸಲ ಓದು.

ಅನ್ನಪೂರ್ಣಾಗೆ, ಕೂಸಿಗೆ ನನ್ನ ಆಶೀರ್ವಾದ. ಅಳಿಯಂದಿರಿಗೆ ಶರಣು ತಿಳಿಸು. ಥಂಡಿ ಬಿದ್ದಿದೆ, ಕಿವಿಗೆ ಕಟ್ಟಿಕೋ.

ಇಂತಿ ನಿನ್ನ
ಶಂಕರೆಪ್ಪ

ತಾ. ಕ.: ಅಂಚೆ ಹೊರಡುವ ಹೊತ್ತಾಯಿತು, ಮುಖ್ಯವಾದದ್ದೇ ಬಿಟ್ಟಿದ್ದೆ. ಸೊಸೈಟಿಯಲ್ಲಿ ಹಾಜರಾಗಲು ಕೊನೆಯ ದಿನ ೨೪, ಸೋಮವಾರ ಅಂತ ಆದೇಶದಲ್ಲಿದೆ. ಇವತ್ತು ಬೆಳಿಗ್ಗೆ ಅದನ್ನು ನಾಗರತ್ನಾಗೆ ತೋರಿಸಿದೆ. ಎಡಗೈಯಿಂದ ನನ್ನ ಸೊಟ್ಟ ರೊಟ್ಟಿ ಮುರಿಯುತ್ತ, ತಲೆ ಎತ್ತದೆ ಅಂದಳು: "ಸೋಮವಾರ ನನಗ ಸೂಟಿ ಐತ್ರಿ, ಅಪ್ಪಾ."